ಮೀಸೆ ಮೂಡದ ಮಹಾಶಯರಿಗೆ ಬಿನ್ನವತ್ತಳೆ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಸನ್ಮಾನಕ್ಕೆ ಬರವಿಲ್ಲ. ನಿವೃತ್ತರಾದವರಿಗೆ ಸನ್ಮಾನ, ವರ್ಗವಾಗಿ ಬಂದವರಿಗೆ ಸನ್ಮಾನ, ವರ್ಗವಾಗಿ ಹೋದರೆ ಇನ್ನೂ ದೊಡ್ಡ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ತಲೆಗೆ ಪೇಟ, ಮೇಲೆ ಊರಿನ ಹೆಮ್ಮೆಯ ಯಾಲಕ್ಕಿ ಹಾರ. ಇಷ್ಟೆಲ್ಲ ಇದ್ದೂ ಒಂದು ವರ್ಗದ ಸಾಧಕರನ್ನು ಮಾತ್ರ ನಾವು ಇದುವರೆಗೆ ವೇದಿಕೆಗೆ ಕರೆದಿಲ್ಲ. ಹದಿನಾಲ್ಕು, ಹದಿನೈದು, ಹದಿನಾರಕ್ಕೇ ಕುಡಿತದಲ್ಲಿ ಕೈ ಪಳಗಿಸಿಕೊಂಡ ನಮ್ಮ ಎಳೆಯರನ್ನು. ಅಜ್ಜಂದಿರಿಗೆ ನಲವತ್ತು ವರ್ಷ, ಅಪ್ಪಂದಿರಿಗೆ ಇಪ್ಪತ್ತು ವರ್ಷ ಹಿಡಿದ ಸಾಧನೆಯನ್ನು ಇವರು ನಾಲ್ಕು ಮಳೆಗಾಲದಲ್ಲಿ ಮುಗಿಸುತ್ತಿದ್ದಾರೆ. ಬಿನ್ನವತ್ತಳೆ ಬರೆದುಕೊಡಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಬೇಕಾದ ಸಮಿತಿಯೇ ಇನ್ನೂ ಆಗಿಲ್ಲ. ಆಗುವ ತನಕ ಕಾಯುವುದು ಬುದ್ಧಿವಂತಿಕೆಯಲ್ಲ. ಸನ್ಮಾನ ಸ್ವೀಕರಿಸಲು ಸನ್ಮಾನಿತರು ಉಳಿದಿರಬೇಕಲ್ಲ.

ಮಾನ್ಯರೇ, ಮೊದಲು ಪದ್ಧತಿಯಂತೆ ಸ್ಥಳಮಹಿಮೆ. ಈ ನೆಲ ಕನಕದಾಸರನ್ನು ಕೊಟ್ಟಿದೆ, ಸರ್ವಜ್ಞನನ್ನು ಕೊಟ್ಟಿದೆ, ಶಿಶುನಾಳದ ಶರೀಫರನ್ನು ಕೊಟ್ಟಿದೆ. ಇಷ್ಟು ಹೇಳದಿದ್ದರೆ ನಮ್ಮಲ್ಲಿ ಮೈಕು ಕೆಲಸ ಮಾಡುವುದಿಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಿಂದ ಹೋದ ಮೈಲಾರ ಮಹಾದೇವ ಎಂಬ ಹುಡುಗ 1930ರ ಮಾರ್ಚಿನಲ್ಲಿ ಗಾಂಧೀಜಿಯ ಹಿಂದೆ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವನಿಗೆ ಹದಿನೆಂಟು ವರ್ಷ. 24 ದಿನ, ಸುಮಾರು 385 ಕಿಲೋಮೀಟರು, ನೆಟ್ಟಗೆ ನಡೆದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಅವನದೇ ಹೆಸರು. ಪಾಪ, ಅವನ ಕಾಲದಲ್ಲಿ ಸೌಕರ್ಯಗಳು ಕಡಿಮೆ ಇದ್ದವು; ಹದಿನೆಂಟಕ್ಕೆ ನಡೆಯುವುದೊಂದನ್ನು ಬಿಟ್ಟು ಮಾಡಲು ಬೇರೇನೂ ಇರಲಿಲ್ಲ. ತಮಗೆ ಆ ತೊಂದರೆ ಇಲ್ಲ. ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಇಬ್ಬರು ಗೆಳೆಯರು ಹೆಗಲು ಕೊಟ್ಟು ಸಾಗಿಸುತ್ತಾರೆ.

ಎಳೆಯ ವಯಸ್ಸಿನ ಹಿರಿಯ ಸಾಧಕರೇ, ತಮ್ಮ ವಿದ್ಯಾಭ್ಯಾಸ ಮನೆಯಲ್ಲೇ ಆರಂಭವಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. ತಾವು ಆರನೇ ಇಯತ್ತೆಯಲ್ಲಿದ್ದಾಗ, ಸಂಜೆ ಕಟ್ಟೆಯ ಮೇಲೆ ಕೂತ ಅಪ್ಪ, “ಲೇ ತಮ್ಮಾ, ಅಂಗಡಿ ಕಾಕಾನ ಕಡಿಂದ ಎರಡು ಪ್ಯಾಕೆಟ್ ತಗೊಂಬಾ. ಉಳಿದ ರೊಕ್ಕದಾಗ ನಿನಗೇನರ ತಗೋ” ಎಂದರು. ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಬೀಡಿ, ಬಿಸ್ಕೀಟು ಎದುರಿಗೆ. ಪ್ಯಾಕೆಟ್ಟು ಗೋಣಿಚೀಲದ ಕೆಳಗೆ. ಅಂಗಡಿ ಕಾಕಾ “ಯಾರಿಗಲೇ?” ಎಂದು ಕೇಳಿದರು. “ಅಪ್ಪಗ್ರೀ” ಎಂದಿರಿ. ಕೇಳುವುದು ಅವರ ಧರ್ಮ, ಕೊಡುವುದು ಅವರ ವ್ಯಾಪಾರ. ಎರಡು ವರ್ಷ ಕಳೆದ ಮೇಲೂ ಅದೇ ಪ್ರಶ್ನೆ, ಅದೇ ಉತ್ತರ. ಪ್ಯಾಕೆಟ್ಟು ಮಾತ್ರ ಅಪ್ಪನ ತನಕ ಹೋಗುತ್ತಿರಲಿಲ್ಲ. ಅಪ್ಪನಿಗೆ ವಾಸನೆ ಬಡಿದ ದಿನ, ಅವರೂ ಮೂಗಿನ ತನಕ ಕುಡಿದೇ ಇದ್ದು, “ನಾ ಕುಡದ್ರ ನನ್ನ ನಸೀಬು, ನೀ ಮುಟ್ಟಿದಿ ಅಂದ್ರ ಕಾಲ ಮುರೀತೀನಿ” ಎಂದು ಬೆತ್ತ ಹುಡುಕಿದರು. ಬೆತ್ತ ಸಿಗಲಿಲ್ಲ. ಮರುದಿನ ಸಂಜೆ ಮತ್ತೆ ತಮ್ಮನ್ನೇ ಅಂಗಡಿಗೆ ಕಳಿಸಿದರು.

ಪ್ರೌಢಶಿಕ್ಷಣ ಮದುವೆಮನೆಯ ಹಿತ್ತಲಲ್ಲಿ. ಸೋದರಮಾವ ಪ್ಲಾಸ್ಟಿಕ್ ಲೋಟ ಮುಂದೆ ಹಿಡಿದು “ಏ, ಗಂಡಸಾದಿ ಬಾ” ಎಂದಾಗ ಸುತ್ತ ನಿಂತ ಹಿರಿಯರು ನಕ್ಕರು. ಆ ನಗೆ ತಮ್ಮ ಪ್ರವೇಶಪತ್ರ. ಉನ್ನತ ಶಿಕ್ಷಣಕ್ಕೆ ಗಣಪತಿ ಕಳಿಸುವ ದಿನದ ಡಿಜೆ, ಜಾತ್ರೆ, ಪಂಚಾಯ್ತಿ ಚುನಾವಣೆಯ ಕೊನೆಯ ಮೂರು ರಾತ್ರಿ ಇವೆಲ್ಲ ಇದ್ದೇ ಇವೆ. ಚುನಾವಣೆಯಲ್ಲಿ ಓಟಿಲ್ಲದ ತಮಗೂ ಹಂಚಿಕೆಯಲ್ಲಿ ಪಾಲು ಕೊಡುವ ಉದಾರತೆ ನಮ್ಮ ಹುರಿಯಾಳುಗಳಿಗೆ ಹಿಂದಿನಿಂದಲೂ ಇದೆ.

ಈ ಗುರುಪರಂಪರೆಯನ್ನು ಕಾನೂನು ಬರೆದವರು ತಪ್ಪು ತಿಳಿದಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ, ಮಗುವಿನ ಕೈಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಎಂದು ಬರೆದಿಟ್ಟಿದ್ದಾರೆ. 78ನೇ ಕಲಮು ಇನ್ನೂ ಒರಟು: ಮಗುವಿನ ಕೈಯಲ್ಲಿ ಮದ್ಯ ಮಾರಿಸಿದರೂ, ಹೊರಿಸಿದರೂ ಅಷ್ಟೇ ಶಿಕ್ಷೆ. ಇದನ್ನು ಅಕ್ಷರಶಃ ಹಿಡಿದರೆ ಕಟ್ಟೆಯ ಮೇಲಿನ ಅಪ್ಪ, ಅಂಗಡಿ ಕಾಕಾ, ಹಿತ್ತಲಿನ ಮಾವ ಮೂವರೂ ಒಂದೇ ಬ್ಯಾರಕ್ಕಿನಲ್ಲಿ ಇರಬೇಕಾಗುತ್ತದೆ. ಮದುವೆಗೆ ಜನ ಎಲ್ಲಿಂದ ತರುವುದು? ಸದ್ಯ, ಆ ಕಲಮು ಓದಿದವರು ಕಡಿಮೆ. ಓದಿದವರು ದೊಡ್ಡ ಮನಸ್ಸಿನವರು.

ವಯಸ್ಸಿನ ವಿಷಯದಲ್ಲೂ ನಮ್ಮ ರಾಜ್ಯ ಬಹಳ ವಿಶಾಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಮು 18ರೊಳಗಿನವರಿಗೆ ಮಾರಬಾರದು ಎನ್ನುತ್ತದೆ. 1967ರ ಲೈಸೆನ್ಸು ನಿಯಮಗಳು 21ರೊಳಗಿನವರಿಗೆ ಮಾರಬಾರದು ಎನ್ನುತ್ತವೆ. ಎರಡರ ನಡುವೆ ಮೂರು ವರ್ಷದ ಬಯಲು ಬಿಟ್ಟಿದ್ದಾರೆ. 2023ರ ಜನವರಿಯಲ್ಲಿ ನಿಯಮದ 21ನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ ಹೊರಡಿಸಿತು. ಅದೇ ತಿಂಗಳು 6ರಿಂದ 8ರವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಿತ್ತು. ಯುವಜನರ ಭವಿಷ್ಯದ ಮಾತುಗಳು ಇನ್ನೂ ಗಾಳಿಯಲ್ಲೇ ಇದ್ದವು. ಜನ ಗದ್ದಲ ಮಾಡಿದರು, ಕೆಲವೇ ದಿನಗಳಲ್ಲಿ ಕರಡು ವಾಪಸಾಯಿತು. ತಾವು ನೊಂದುಕೊಳ್ಳಬೇಕಾಗಿಲ್ಲ. ಗೋಣಿಚೀಲದ ಕೆಳಗಿನ ಪ್ಯಾಕೆಟ್ಟಿಗೆ 21 ಎಂಬುದೂ ಗೊತ್ತಿರಲಿಲ್ಲ, 18 ಎಂಬುದೂ ಗೊತ್ತಿರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ಬಂದಾದಾಗಲೂ ಹೀಗೇ ಹೆದರಿದ್ದೆವು. ಏನಾಯಿತು? ಸಾರಾಯಿ ಪ್ಯಾಕೆಟ್ಟು ಎದ್ದ ಜಾಗದಲ್ಲಿ ವಿಸ್ಕಿ ಪ್ಯಾಕೆಟ್ಟು ಕೂತಿತು. ಮಕ್ಕಳ ಮಾವಿನ ರಸ ಬರುವ ಬಗೆಯ ಪೊಟ್ಟಣದಲ್ಲೇ ಈಗ ಅದೂ ಬರುತ್ತದೆ, ಕಿಸೆಯಲ್ಲಿ ಒಡೆಯುವ ಭಯವೂ ಇಲ್ಲ.

ಇನ್ನು ಆ ಪ್ಯಾಕೆಟ್ಟಿನ ಒಳಗಿನ ಮಹಿಮೆ. ಅಳತೆ 90 ಮಿಲಿಲೀಟರು, ಅದರಲ್ಲಿ ಮದ್ಯಸಾರ ನೂರಕ್ಕೆ 42.8. ತೂಕಕ್ಕೆ ತಂದರೆ ಸುಮಾರು 30 ಗ್ರಾಂ. ಅರವತ್ತೈದು ಕಿಲೋದ ಗಂಡಸು ಇದನ್ನು ಶೇಂಗಾ, ಮಿರ್ಚಿ, ಮಾತು ಸೇರಿಸಿ ಒಂದು ತಾಸು ಕೂತು ಇಳಿಸುತ್ತಾನೆ. ತಮ್ಮ ತೂಕ ನಲವತ್ತೈದು ಕಿಲೋ. ಯಾರಾದರೂ ನೋಡಿಯಾರೆಂಬ ಅಂಜಿಕೆಯಿಂದ, ಹಸಿದ ಹೊಟ್ಟೆಯಲ್ಲಿ, ನೀರೂ ಬೆರೆಸದೆ ಒಂದೇ ಉಸಿರಿಗೆ ಎತ್ತುತ್ತೀರಿ. ಆಗ ತಮ್ಮ 100 ಮಿಲಿಲೀಟರು ರಕ್ತದಲ್ಲಿ 90 ಮಿಲಿಗ್ರಾಂ ಆಸುಪಾಸು ಮದ್ಯಸಾರ ಓಡಾಡುತ್ತದೆ. ಗಾಡಿ ಓಡಿಸುವ ದೊಡ್ಡವರಿಗೆ ಕಾನೂನು ಇಟ್ಟ ಮಿತಿ 30. ಒಂದೇ ಪ್ಯಾಕೆಟ್ಟಿನಲ್ಲಿ ತಾವು ದೊಡ್ಡವರ ಮೂರು ಪಟ್ಟು ದೊಡ್ಡವರಾದಿರಿ. ದೊಡ್ಡವರ ಯಕೃತ್ತೇ ತಾಸಿಗೆ 7ರಿಂದ 10 ಗ್ರಾಂ ಮಾತ್ರ ಕರಗಿಸುವ ಸೋಮಾರಿ. ಮಜ್ಜಿಗೆ ಕುಡಿಸಿದರೂ, ನಿಂಬೆಹಣ್ಣು ಹಿಂಡಿದರೂ, ತಲೆಗೆ ಬಕೇಟು ನೀರು ಸುರಿದರೂ ಅದು ತನ್ನ ನಡಿಗೆ ಬಿಡುವುದಿಲ್ಲ. ಆದರೂ ತಮ್ಮ ಗೆಳೆಯರು ಈ ಮೂರೂ ಚಿಕಿತ್ಸೆಗಳನ್ನು ಭಕ್ತಿಯಿಂದ ನಡೆಸಿ, ಕೊನೆಗೆ ತಮ್ಮನ್ನು ಅಂಗಾತ ಮಲಗಿಸಿ, ಮೇಲೆ ಟವೆಲ್ ಹೊದಿಸಿ, ಮನೆಗೆ ಹೋಗುತ್ತಾರೆ. ಅಂಗಾತ ಮಲಗಿದವನ ವಾಂತಿ ಉಸಿರಿನ ದಾರಿಗೆ ಇಳಿಯುತ್ತದೆ. ಎಳೆಯ ಮೈಯ ಸಕ್ಕರೆ ಅಂಶ ಬೆಳಗಾಗುವುದರೊಳಗೆ ಕುಸಿಯುತ್ತದೆ. ಮಗ್ಗುಲಿಗೆ ತಿರುಗಿಸಿ, ಪಕ್ಕದಲ್ಲೇ ಕೂತು, 108ಕ್ಕೆ ಫೋನು ಮಾಡುವ ಪುಕ್ಕಲರು ಗುಂಪಿನಲ್ಲಿ ಒಬ್ಬಿಬ್ಬರು ಇರುತ್ತಾರೆ. ಅಂಥವರಿಂದ ಎಷ್ಟೋ ಶ್ರದ್ಧಾಂಜಲಿ ಸಭೆಗಳು ನಡೆಯದೆ ಹೋಗಿವೆ.

ಬೆಳಗ್ಗೆ ಎದ್ದಾಗಿನ ತಮ್ಮ ಕಣ್ಣಿನ ಅಂದ ಹೇಳದೆ ಮುಂದೆ ಹೋಗಲಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹೆಸರಿರುವುದು ಕಡುಕೆಂಪು ಬಣ್ಣಕ್ಕೆ, ಖಾರ ಅಷ್ಟಕ್ಕಷ್ಟೇ. ತಮ್ಮ ಕಣ್ಣೂ ಹಾಗೇ: ಬಣ್ಣ ಬ್ಯಾಡಗಿಯ ಡಬ್ಬಿ ತಳಿಯದು, ಖಾರ ಮಾತ್ರ ಎಲ್ಲೂ ಇಲ್ಲ. ಒಂದೇ ವ್ಯತ್ಯಾಸ. ಕಾಯಿಯ ಬಣ್ಣ ಉಳಿಸಲು ಬ್ಯಾಡಗಿಯಲ್ಲಿ ಸಾಲು ಸಾಲು ಶೀತಲಗೃಹ ಕಟ್ಟಿದ್ದಾರೆ. ತಮ್ಮದು ಯಾವ ಖರ್ಚಿಲ್ಲದೆ ವಾರವಿಡೀ ಉಳಿಯುತ್ತದೆ.

ಆದರೆ ತಮ್ಮ ನಿಜವಾದ ಸಾಧನೆ ನಡೆದಿರುವುದು ಕಣ್ಣಿನ ಹಿಂದೆ, ತಲೆಯೊಳಗೆ. ಮನುಷ್ಯನ ಮಿದುಳು ಇಪ್ಪತ್ತೈದರ ತನಕ ಕಟ್ಟಡ ಕೆಲಸ ಮುಗಿಸುವುದಿಲ್ಲ. ಹಣೆಯ ಹಿಂದಿನ ಭಾಗ, ಅಂದರೆ “ತಡೀಲೇ, ಸ್ವಲ್ಪ ಯೋಚನೆ ಮಾಡು” ಎಂದು ಹೇಳುವ ಭಾಗ, ಎಲ್ಲಕ್ಕಿಂತ ಕೊನೆಗೆ ಏಳುವುದು. ಅದು ಏಳುವ ಮೊದಲೇ ಅದರ ಬಾಯಿ ಮುಚ್ಚಿಸಿಬಿಟ್ಟರೆ ಜೀವಮಾನದ ಕಿರಿಕಿರಿ ತಪ್ಪುತ್ತದೆ. ತಾವು ಮಾಡಿದ್ದು ಅದನ್ನೇ. ಇನ್ನೊಂದು ಭಾಗಕ್ಕೆ ಹಿಪೊಕ್ಯಾಂಪಸ್ ಎನ್ನುತ್ತಾರೆ. ದಿನದ ಸಂಗತಿಗಳನ್ನು ನೆನಪಿನ ವಹಿಗೆ ಬರೆಯುವ ಕಾರಕೂನ ಅದು. ಕುಡಿತ ಏರಿದಾಗ ಕಾರಕೂನ ಲೇಖನಿ ಕೆಳಗಿಡುತ್ತಾನೆ. ತಾವು ನಡೆಯುತ್ತೀರಿ, ಮಾತಾಡುತ್ತೀರಿ, ಜಗಳ ತೆಗೆಯುತ್ತೀರಿ, ಯಾರದೋ ಅಂಗಿ ಹರಿಯುತ್ತೀರಿ. ವಹಿಯ ಹಾಳೆ ಮಾತ್ರ ಖಾಲಿ. ದೊಡ್ಡವರು ಕುಡಿದರೆ ತೂಕಡಿಕೆ ಬಂದು ಬೀಳುತ್ತಾರೆ. ತಮ್ಮ ವಯಸ್ಸಿಗೆ ತೂಕಡಿಕೆ ಬೇಗ ಬರುವುದಿಲ್ಲ, ಆದ್ದರಿಂದ ಇನ್ನಷ್ಟು ಕುಡಿಯಬಹುದು. ನೆನಪಿಗಾಗುವ ಪೆಟ್ಟು ಮಾತ್ರ ದೊಡ್ಡವರಿಗಿಂತ ಜೋರು. ನಿಸರ್ಗ ತಮ್ಮ ಪರವಾಗಿ ಇಷ್ಟು ಏರ್ಪಾಡು ಮಾಡಿಟ್ಟಿದೆ.

ಮರುದಿನ ಪಿಯು ಕಾಲೇಜಿನ ಗೇಟಿನ ಹೊರಗೆ ಗೆಳೆಯರು ಮೊಬೈಲ್ ಹಿಡಿದು ತಮ್ಮ ಹಿಂದಿನ ರಾತ್ರಿಯನ್ನು ತಮಗೇ ತೋರಿಸುತ್ತಾರೆ. “ನೋಡಲೇ, ಯಾರ ಕಾಲು ಹಿಡದು ಅಳಾಕ್ಹತ್ತಿದ್ದಿ!” ತಾವೂ ನಗುತ್ತೀರಿ. ತಾವು ನಕ್ಕದ್ದು ಯಾರನ್ನು ನೋಡಿ ಎಂಬುದು ತಮಗೂ ಪೂರ್ತಿ ಗೊತ್ತಿಲ್ಲ. ಆ ವಿಡಿಯೊ ಅಷ್ಟರಲ್ಲಿ ರಾಣೆಬೆನ್ನೂರು ದಾಟಿ, ತಾವು ನೋಡಲೆಂದು ನಿತ್ಯ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ ಹುಡುಗಿಯ ಫೋನನ್ನೂ ಮುಟ್ಟಿರುತ್ತದೆ. ಸಾವಿರ ರೂಪಾಯಿ ಕೊಟ್ಟು ಬ್ಯಾನರು ಕಟ್ಟಿಸಿದರೂ ಇಷ್ಟು ಪ್ರಚಾರ ಸಿಗುತ್ತಿರಲಿಲ್ಲ. ತರಗತಿಯಲ್ಲಿ ಲೆಕ್ಚರರು ಕಪ್ಪು ಹಲಗೆಯ ಮೇಲೆ ಏನನ್ನೋ ಸಾಧಿಸುತ್ತಿರುವಾಗ ಕಳೆದ ವಾರದ ಪಾಠ ತಮಗೆ ಹೊಚ್ಚಹೊಸದಾಗಿ ಕೇಳಿಸುತ್ತದೆ. ಒಂದೇ ಪಾಠವನ್ನು ಪ್ರತಿ ಸಲ ಹೊಸದಾಗಿ ಸವಿಯುವ ಭಾಗ್ಯ ಮೊದಲ ಬೆಂಚಿನವರಿಗೆ ಎಲ್ಲಿದೆ?

ರಾತ್ರಿಗಳ ಬಗ್ಗೆ ಎಲ್ಲರೂ ಹಾಡುತ್ತಾರೆ, ಬೆಳಗಿನ ಜಾವದ ಬಗ್ಗೆ ಯಾರೂ ಹಾಡಿಲ್ಲ. ನಾಲ್ಕು ಗಂಟೆಗೆ ತಟ್ಟನೆ ಎಚ್ಚರ. ಬಾಯಿ ಒಣಗಿದೆ, ಎದೆ ಡವಡವ, ಕೈ ಸಣ್ಣಗೆ ನಡುಗುತ್ತಿದೆ. ಏನೋ ಅನಾಹುತ ಮಾಡಿದ್ದೇನೆ, ಏನೆಂದು ಗೊತ್ತಿಲ್ಲ. ಮೂಲೆಯಲ್ಲಿ ಅವ್ವ ಎದ್ದು ಕೂತಿದ್ದಾಳೆ, ಏನೂ ಕೇಳುತ್ತಿಲ್ಲ. ಈ ಅಂಜಿಕೆಯನ್ನು ಓಡಿಸಲು ಅದೇ ಪ್ಯಾಕೆಟ್ಟು ಸಾಕು ಎಂಬುದನ್ನು ತಾವು ಸ್ವಂತ ಬುದ್ಧಿಯಿಂದ ಕಂಡುಹಿಡಿದಿರಿ. ಈ ಸಂಶೋಧನೆಗೆ ತಮ್ಮ ಅಜ್ಜನಿಗೆ ಐವತ್ತು ವರ್ಷ ತುಂಬಬೇಕಾಯಿತು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಇದನ್ನು ಲೆಕ್ಕದಲ್ಲೂ ಹೇಳಿತು: 15 ತುಂಬುವ ಮೊದಲೇ ಕುಡಿಯಲು ಹಿಡಿದವರಲ್ಲಿ ನೂರಕ್ಕೆ 40ರಷ್ಟು ಮಂದಿ ಮುಂದೆ ಎಂದಾದರೊಮ್ಮೆ ಕುಡಿತಕ್ಕೆ ದಾಸರಾದರು, 20 ದಾಟಿ ಶುರು ಮಾಡಿದವರಲ್ಲಿ ಸುಮಾರು 10. ಕನಕದಾಸರ ಕಾಗಿನೆಲೆ ಇರುವ ತಾಲ್ಲೂಕಿನಲ್ಲಿ ದಾಸರಾಗುವುದಕ್ಕೆ ಮೊದಲಿನಿಂದಲೂ ಮರ್ಯಾದೆ ಇದೆ. ಯಾರಿಗೆ ದಾಸರು ಎಂದು ವಿಚಾರಿಸುವುದು ಸಭ್ಯತೆಯಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ಜಿಲ್ಲೆಗೆ ಬೇರೆಯದೇ ಕಳೆ. ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ಬೆನ್ನಿಗೆ ಜೂಲ ಹಾಕಿಸಿಕೊಂಡ ಹೋರಿ ಅಖಾಡಕ್ಕೆ ಬಿಟ್ಟ ಕೂಡಲೇ ಬಾಣ ಬಿಟ್ಟ ಹಾಗೆ ಬರುತ್ತದೆ. ಕೊಬ್ಬರಿ ಹರಿಯುವ ಪೈಲ್ವಾನ ಕಾಲ ತುದಿಯ ಮೇಲೆ ನಿಂತು, ಹೋರಿಯ ಹೆಗಲು ಯಾವ ಕಡೆ ವಾಲುತ್ತದೆಂದು ಕಣ್ಣ ರೆಪ್ಪೆ ಮುಚ್ಚದೆ ನೋಡಿ, ಅರೆಗಳಿಗೆಯಲ್ಲಿ ಕೈ ಹಾಕಿ ಪಕ್ಕಕ್ಕೆ ಜಿಗಿಯುತ್ತಾನೆ. ಇದು ಹಳೆಯ, ಕಷ್ಟದ ಕ್ರಮ. ತಮ್ಮ ಕ್ರಮ ಸುಲಭ. ತಮಗೆ ಎರಡು ಹೋರಿ ಕಾಣುತ್ತವೆ. ತಾವು ಇಲ್ಲದ ಹೋರಿಯ ಕೊಬ್ಬರಿಗೆ ಕೈ ಹಾಕುತ್ತೀರಿ, ಇರುವ ಹೋರಿ ತನ್ನ ಕೆಲಸ ಮುಗಿಸುತ್ತದೆ. ಆ ಇಡೀ ಬಯಲಿನಲ್ಲಿ ಕುಡಿಯದೆ ಬಂದವರು ಯಾರೆಂದು ಕೇಳಿದರೆ ಹೋರಿ ಎಂದು ಧೈರ್ಯವಾಗಿ ಹೇಳಬಹುದು.

ಬೈಕಿನ ವಿಷಯಕ್ಕೆ ಬಂದರೆ ಹೆದ್ದಾರಿ 48 ತಮ್ಮ ಪ್ರತಿಭೆಗೆಂದೇ ಆರು ಪಥವಾಗಿದೆಯೋ ಎನ್ನಿಸುತ್ತದೆ. ಹಾವೇರಿಯಿಂದ ಮೋಟೆಬೆನ್ನೂರು, ಅಲ್ಲಿಂದ ರಾಣೆಬೆನ್ನೂರು, ನಡುವೆ ಧಾಬಾಗಳು. ಅಪ್ಪನ ಬೈಕು, ಮೂವರು ಸವಾರರು, ಹೆಲ್ಮೆಟ್ಟು ಮನೆಯ ಗೂಟಕ್ಕೆ. ಇಲ್ಲೂ ಕಾನೂನು ಅಸೂಯೆ ಪಟ್ಟಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ, ಎಳೆಯರ ಕೈಗೆ ಗಾಡಿ ಸಿಕ್ಕು ತಪ್ಪು ನಡೆದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದವನಿಗೆ 25 ತುಂಬುವ ತನಕ ಲೈಸೆನ್ಸಿಲ್ಲ. 25 ತುಂಬುವ ತನಕ ಎಂಬ ಮಾತಿನಲ್ಲಿ ತಾವು ಅಲ್ಲಿಯ ತನಕ ಇರುತ್ತೀರಿ ಎಂಬ ನಂಬಿಕೆ ಇದೆ. ಕಾನೂನಿಗೆ ತಮ್ಮ ಮೇಲೆ ಇಷ್ಟು ವಿಶ್ವಾಸ ಇರುವುದು ನೋಡಿ ಕಣ್ಣು ತುಂಬುತ್ತದೆ.

ನಮ್ಮ ಹಳ್ಳಿಗಳ ಅರ್ಧ ಹುಡುಗರ ಕನಸು ಪೊಲೀಸು, ಇನ್ನರ್ಧದ್ದು ಮಿಲಿಟರಿ. ಬೆಳಗ್ಗೆ ಐದಕ್ಕೆ ಮೈದಾನದಲ್ಲಿ ಸುತ್ತು ಹಾಕುವವರನ್ನು ತಾವು ಮನೆಗೆ ಹಿಂತಿರುಗುವ ದಾರಿಯಲ್ಲಿ ನೋಡಿರುತ್ತೀರಿ. ಕಾನ್‌ಸ್ಟೆಬಲ್ ಆಗಲು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಬೆಳೆಯುವ ವಯಸ್ಸಿನ ಕುಡಿತ ಗಂಡಸುತನದ ಹಾರ್ಮೋನನ್ನೂ ಬೆಳವಣಿಗೆಯ ಹಾರ್ಮೋನನ್ನೂ ತಗ್ಗಿಸುತ್ತದೆ, ಮಾಂಸಖಂಡ ತುಂಬಿಕೊಳ್ಳದು, ನಿದ್ದೆ ಹತ್ತಿದರೂ ಗಾಢವಾಗದು. ಗಂಡಸಾಗಲೆಂದು ಮಾವ ಕುಡಿಸಿದ್ದು ಇದನ್ನೇ. ಎರಡನೇ ಸುತ್ತಿಗೆ ತಮಗೆ ಪಕ್ಕೆಲುಬು ಹಿಡಿಯುತ್ತದೆ, ಮೂರನೆಯದಕ್ಕೆ ಹಿಂದಿನ ರಾತ್ರಿಯ ಎಗ್ ರೈಸು ಹೊರಗೆ ಬರುತ್ತದೆ. ಹೀಗೆ ತಾವು ಬಿಟ್ಟುಕೊಟ್ಟ ಹುದ್ದೆ ಪಕ್ಕದ ಮನೆಯ ಹುಡುಗನಿಗೆ ಸಿಗುತ್ತದೆ. ಮುಂದೊಂದು ದಿನ ತಮ್ಮ ಬಾಯಿಗೆ ಯಂತ್ರ ಹಿಡಿದು “ಊದಲೇ” ಎನ್ನುವವನೂ ಅವನೇ. ಬಾಲ್ಯದ ಗೆಳೆತನ ಹೀಗೆ ಉಳಿಯುತ್ತದೆ.

ರಾಣೆಬೆನ್ನೂರಿನಲ್ಲಿ ಓಡುವ ಪ್ರಾಣಿಗಳಿಗೆಂದು 1974ರಿಂದ 119 ಚದರ ಕಿಲೋಮೀಟರಿನ ಕೃಷ್ಣಮೃಗ ವನ್ಯಧಾಮ ಇದೆ. ತಮಗೆಂದು ಅಂಥ ಮೀಸಲು ಜಾಗ ಯಾರೂ ಕೊಟ್ಟಿಲ್ಲ. ಆದರೂ ಗೊಣಗದೆ ನೀಲಗಿರಿ ತೋಪು, ಕೆರೆ ಏರಿ, ಅರ್ಧಕ್ಕೆ ನಿಂತ ಸರ್ಕಾರಿ ಕಟ್ಟಡ, ಭಾನುವಾರದ ಶಾಲೆಯ ಹಿಂಗೋಡೆ ಎಲ್ಲಕ್ಕೂ ಹೊಂದಿಕೊಂಡಿದ್ದೀರಿ. ಶಾಲೆಯಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂದು ನಿಯಮ; ಕುಡಿಯುವವರು ಎಷ್ಟು ದೂರ ಕೂರಬೇಕೆಂದು ಅದರಲ್ಲಿ ಹೇಳಿಲ್ಲ. ಸೋಮವಾರ ಪ್ರಾರ್ಥನೆಗೆ ಮುಂಚೆ ಆರನೇ ಇಯತ್ತೆಯ ಮಕ್ಕಳು ಖಾಲಿ ಪೊಟ್ಟಣ, ಒಡೆದ ಬಾಟಲಿ ಆರಿಸುತ್ತಾರೆ. ಮುಂದಿನ ತಂಡದ ತರಬೇತಿ ಅಲ್ಲಿಂದ.

ಹಣದ ಮೂಲವನ್ನೂ ಕೊಂಡಾಡಬೇಕು. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊತ್ತ ಕೂಲಿ ಸಂಜೆಯೊಳಗೆ ದ್ರವವಾಗುತ್ತದೆ. ಕೂಲಿ ಇಲ್ಲದ ದಿನ ಅವ್ವನ ಡಬ್ಬಿ. ದಿನವಿಡೀ ಮೂಗಿಗೆ ಸೆರಗು ಕಟ್ಟಿಕೊಂಡು, ಸೀನುತ್ತ, ಮೆಣಸಿನಕಾಯಿ ತೊಟ್ಟು ಬಿಡಿಸಿ ತಂದ ರೊಕ್ಕ, ವಾರದ ಸಂಘದ ಕಂತಿಗೆಂದು ಅಕ್ಕಿಯೊಳಗೆ ಹುಗಿದಿಟ್ಟ ನೋಟು, ಗೃಹಲಕ್ಷ್ಮಿಯ 2,000. ಕಂತು ತಪ್ಪಿದ ವಾರ ಸಂಘದ ಹೆಂಗಸರು ಅಂಗಳಕ್ಕೆ ಬಂದು ನಿಲ್ಲುತ್ತಾರೆ, ಅವ್ವ ತಲೆ ತಗ್ಗಿಸುತ್ತಾಳೆ, ಮುಂದಿನ ತಿಂಗಳಿಂದ ತಂಗಿ ಶಾಲೆ ಬಿಟ್ಟು ಅವ್ವನ ಜೊತೆ ತೊಟ್ಟು ಬಿಡಿಸಲು ಕೂರುತ್ತಾಳೆ. ತಾವೊಬ್ಬರು ಕುಡಿದರೆ ಮನೆಯಲ್ಲಿ ಇಬ್ಬರಿಗೆ ಉದ್ಯೋಗ.

ಮನೆಯಲ್ಲಿ ತಮಗೆ ಸಲ್ಲದ ಗೌರವ ರಾಜ್ಯದಲ್ಲಿ ಸಲ್ಲುತ್ತಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಇಲಾಖೆಯದು, ಗುಂಡಿಗೆ ತಮ್ಮದು. ಓಟು ಹಾಕುವ ವಯಸ್ಸಾಗಿಲ್ಲ, ತೆರಿಗೆ ಕಟ್ಟುತ್ತಿದ್ದೀರಿ. ಅವ್ವನ 2,000ದಲ್ಲಿ ಒಂದು ಭಾಗವನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತಿದ್ದೀರಿ. ಸರ್ಕಾರವೂ ತಮ್ಮನ್ನು ಮರೆತಿಲ್ಲ. ಅದರದೇ ಸಂಸ್ಥೆಯಾದ ಎಂಎಸ್‌ಐಎಲ್ ಶಾಲೆಯ ಮಕ್ಕಳಿಗೆ ‘ಲೇಖಕ್’ ನೋಟುಬುಕ್ಕು ಮಾಡುತ್ತದೆ, ಊರೂರಲ್ಲಿ ಮದ್ಯದ ಮಳಿಗೆಯನ್ನೂ ನಡೆಸುತ್ತದೆ. ನೋಟುಬುಕ್ಕಿನಿಂದ ಮಳಿಗೆಯ ತನಕದ ದಾರಿ ಎಲ್ಲೂ ಕಡಿಯದ ಹಾಗೆ ನೋಡಿಕೊಂಡಿದ್ದಾರೆ. ಸಂವಿಧಾನದ 47ನೇ ವಿಧಿಯಲ್ಲಿ ಪಾನನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕೆಂದು ಬರೆದಿದೆಯಂತೆ. ಪ್ರಯತ್ನ ನಡೆದಿರಬಹುದು, 40,000 ಕೋಟಿಯ ಸದ್ದಿನಲ್ಲಿ ಕೇಳಿಸುತ್ತಿಲ್ಲ.

ಆದ್ದರಿಂದ ಯಾಲಕ್ಕಿ ಹಾರವನ್ನು ತಮ್ಮ ಕೊರಳಿಗೇ ಹಾಕಬೇಕೆಂದು ನನ್ನ ಶಿಫಾರಸು. ದೊಡ್ಡವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಧೂಳು ಹಿಡಿಸುತ್ತಾರೆ. ತಾವು ಉಪಯೋಗ ಬಲ್ಲವರು. ಮನೆ ಸೇರುವ ಮುಂಚೆ ನಾಲ್ಕು ಕಾಳು ಕಿತ್ತು ಬಾಯಿಗೆ ಹಾಕಿಕೊಂಡರೆ ವಾಸನೆ ಅಡಗುತ್ತದೆ. ಅವ್ವನಿಗೆ ಗೊತ್ತಾಗುವುದಂತೂ ಗೊತ್ತಾಗುತ್ತದೆ. ಆದರೆ ಮರ್ಯಾದೆಯಿಂದ ಗೊತ್ತಾಗುತ್ತದೆ.

ಕೊನೆಗೆ, ಈ ಕಲೆಗೆ ಕಲ್ಲು ಹಾಕುವವರ ಬಗ್ಗೆ ಎಚ್ಚರಿಸುವುದು ನನ್ನ ಕರ್ತವ್ಯ. ಅವರು ಹಿಂದಿನಿಂದಲೂ ಇದ್ದಾರೆ. ಹನ್ನೆರಡನೇ ಶತಮಾನದಲ್ಲಿ ಹೆಂಡದ ಮಾರಯ್ಯ ಎಂಬ ಶರಣ ಹೆಂಡದಂಗಡಿಯಲ್ಲೇ ಕೂತು ಗಿರಾಕಿಗಳಿಗೆ ಬುದ್ಧಿ ಹೇಳಿ ವ್ಯಾಪಾರ ಕೆಡಿಸಿದ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಬಂದು, ಕಾಳುಕಡಿ ಬೇಡ, ನಿಮ್ಮ ಚಟ ಹಾಕಿ ಎಂದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಹೆಂಗಸರು ಮದ್ಯ ನಿಷೇಧಿಸಿ ಎನ್ನುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದರು. ಹಾವೇರಿಯಿಂದ ಎರಡು ತಾಸಿನ ದಾರಿಯಲ್ಲಿ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಯ ವೈದ್ಯರು ತಮ್ಮನ್ನು ಬಯ್ಯುವುದೂ ಇಲ್ಲ, ನಗುವುದೂ ಇಲ್ಲ, ಕೂರಿಸಿ ಮಾತಾಡಿಸಿ ಚಿಕಿತ್ಸೆ ಕೊಡುತ್ತಾರೆ. ಮಕ್ಕಳ ಕೈಗೆ ಪ್ಯಾಕೆಟ್ಟು ಕೊಡುವ ಅಂಗಡಿಯ ಸುದ್ದಿಯನ್ನು 1098ಕ್ಕೆ ಮುಟ್ಟಿಸಿಬಿಡುವ ಟೀಚರುಗಳೂ ಊರಲ್ಲಿ ಇಲ್ಲದಿಲ್ಲ. ಎಲ್ಲರಿಗಿಂತ ಅಪಾಯಕಾರಿ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ದಿನದ 24 ತಾಸೂ ತೆರೆದಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಒಂದು ಪೈಸೆ ಕೇಳುವುದಿಲ್ಲ. ಅದರ ಸಂಖ್ಯೆ 14416. ದಯವಿಟ್ಟು ಯಾರೂ ಬರೆದಿಟ್ಟುಕೊಳ್ಳಬೇಡಿ. ಮುಖ್ಯವಾಗಿ, ಅವ್ವಂದಿರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.